ಕೈಮಗ್ಗ: ಮಾನ್ಯತೆ ಸಿಕ್ಕಿದೆ, ಮಜೂರಿ ಸಿಕ್ಕಿಲ್ಲ

ಇಳಕಲ್ ಸೀರೆಗೂ ಗುಳೇದಗುಡ್ಡದ ಖಣಕ್ಕೂ ಭೌಗೋಳಿಕ ಸೂಚಕದ ಮುದ್ರೆ ಬಿದ್ದಿದೆ. ವರ್ಷಕ್ಕೊಮ್ಮೆ ರಾಷ್ಟ್ರೀಯ ಕೈಮಗ್ಗ ದಿನವೂ ನಡೆಯುತ್ತದೆ. ಆದರೂ ರಾಜ್ಯದಲ್ಲಿ ಮಗ್ಗಕ್ಕೆ ಕೂರುವವರು ಕಡಿಮೆಯಾಗುತ್ತಲೇ ಇದ್ದಾರೆ. ಈ ವೈರುಧ್ಯದ ಬೇರು ಎಲ್ಲಿದೆ?

ಇಳಕಲ್ ಸೀರೆಯ ಒಡಲು ಮತ್ತು ಸೆರಗು ಒಂದೇ ಹಾಸಿನಿಂದ ಬರುವುದಿಲ್ಲ. ಸಾಂಪ್ರದಾಯಿಕ ಸೀರೆಯಲ್ಲಿ ಒಡಲಿಗೆ ಹತ್ತಿಯ ಹಾಸು, ಸೆರಗಿಗೆ ಕೆಂಪು ರೇಷ್ಮೆಯ ಹಾಸು. ಎರಡನ್ನೂ ಬೇರೆ ಬೇರೆಯಾಗಿ ಅಣಿಗೊಳಿಸಿ, ಎಳೆಗೆ ಎಳೆ ಕುಣಿಕೆ ಹಾಕಿ ಕೂಡಿಸಬೇಕು. ನೇಕಾರರು ಇದನ್ನು ಕೊಂಡಿ ಎನ್ನುತ್ತಾರೆ. ಕೊಂಡಿ ಹಾಕಿದ ಮೇಲೆ ಸಿಗುವುದು ಒಂದು ಸೀರೆಗೆ ಸಾಕಾಗುವ ಹಾಸು ಮಾತ್ರ, ಅದು ಆರು ಗಜದ್ದಿರಲಿ, ಎಂಟು ಅಥವಾ ಒಂಬತ್ತು ಗಜದ್ದಿರಲಿ. ಉದ್ದನೆಯ ಹಾಸನ್ನು ಒಮ್ಮೆ ಮಗ್ಗಕ್ಕೇರಿಸಿ ಹತ್ತಾರು ಸೀರೆಗಳನ್ನು ಒಂದರ ಬೆನ್ನಿಗೊಂದು ನೇಯುವ ಅನುಕೂಲ ಇಲ್ಲಿಲ್ಲ. ಪ್ರತಿ ಸೀರೆಗೂ ಕೆಲಸ ಮೊದಲಿನಿಂದ ಶುರುವಾಗುತ್ತದೆ. ಸೆರಗಿನ ಕೆಂಪಿನ ಮೇಲೆ ಬಿಳಿಯಲ್ಲಿ ಏಳುವ ತೋಪು ತೆನೆ, ದಡಿಯಲ್ಲಿ ಓಡುವ ಚಿಕ್ಕಿ ಪರಾಸು, ಗೋಮಿ, ಗಾಡಿ ಮೊದಲಾದ ವಿನ್ಯಾಸಗಳು ಕೊಳ್ಳುವವರ ಕಣ್ಣಿಗೆ ಬೀಳುತ್ತವೆ. ಅವುಗಳ ಹಿಂದಿರುವ ಕೊಂಡಿಯ ಕೆಲಸ ಕಾಣುವುದಿಲ್ಲ, ಅದಕ್ಕೆ ಪ್ರತ್ಯೇಕ ಮಜೂರಿ ಸಿಗುವುದೂ ಅಪರೂಪ.

ಸೀರೆ ಅಂಗಡಿಯಲ್ಲಿ ಇದೇ ಸೆರಗನ್ನು, ಇದೇ ದಡಿಯನ್ನು ಹೋಲುವ ವಿದ್ಯುತ್ ಮಗ್ಗದ ಸೀರೆ ಪಕ್ಕದಲ್ಲೇ ಇರುತ್ತದೆ. ಅದರಲ್ಲಿ ಕೊಂಡಿ ಇರುವುದಿಲ್ಲ, ಹಲವು ಸಲ ಹತ್ತಿ–ರೇಷ್ಮೆಯ ಬದಲು ಕೃತಕ ನೂಲು ಇರುತ್ತದೆ, ಹೆಸರು ಮಾತ್ರ ಇಳಕಲ್ ಸೀರೆ ಎಂದೇ ಇರುತ್ತದೆ. ಗಂಟೆಗಳಲ್ಲಿ ಮುಗಿಯುವ ಸೀರೆಯ ಬೆಲೆಯೇ ದಿನಗಟ್ಟಲೆ ಹಿಡಿಯುವ ಸೀರೆಯ ಬೆಲೆಯನ್ನೂ ಅಳೆಯತೊಡಗುತ್ತದೆ. ವ್ಯಾಪಾರಿ ಆ ಅಳತೆಯನ್ನು ಸಾವಕಾರನಿಗೆ ದಾಟಿಸುತ್ತಾನೆ, ಸಾವಕಾರ ನೇಕಾರನಿಗೆ ದಾಟಿಸುತ್ತಾನೆ. ಕೈಮಗ್ಗದ ಬಿಕ್ಕಟ್ಟನ್ನು ಅಭಿರುಚಿಯ ಅವನತಿ, ಯುವಜನರ ನಿರಾಸಕ್ತಿ, ಫ್ಯಾಷನ್‌ನ ಬದಲಾವಣೆ ಎಂದೆಲ್ಲ ವಿವರಿಸುವುದು ವಾಡಿಕೆ. ಅವೆಲ್ಲ ಸ್ವಲ್ಪಮಟ್ಟಿಗೆ ನಿಜ. ಆದರೆ ಸಮಸ್ಯೆಯ ತಿರುಳು ಬೇರೆಡೆ ಇದೆ: ನೇಕಾರನ ಸಮಯಕ್ಕೆ ಬೆಲೆ ಕಟ್ಟುತ್ತಿರುವುದು ಅವನ ಬಟ್ಟೆಯ ನಕಲು.

ಗಣತಿ ತೋರಿಸುವ ಚಿತ್ರ

ದೇಶದಲ್ಲಿ ಇದುವರೆಗೆ ನಾಲ್ಕು ಕೈಮಗ್ಗ ಗಣತಿಗಳು ನಡೆದಿವೆ. 1987–88ರ ಮೊದಲ ಗಣತಿಯಲ್ಲಿ ನೇಕಾರರು ಮತ್ತು ಪೂರಕ ಕೆಲಸಗಾರರು ಸೇರಿ ಸುಮಾರು 67 ಲಕ್ಷ ಮಂದಿ ಇದ್ದರು. 1995ರಲ್ಲಿ ಈ ಸಂಖ್ಯೆ 65 ಲಕ್ಷದ ಆಸುಪಾಸಿಗೆ ಬಂತು, 2009–10ರಲ್ಲಿ 43.31 ಲಕ್ಷಕ್ಕೆ ಇಳಿಯಿತು. 2019–20ರ ನಾಲ್ಕನೇ ಗಣತಿ ಕಂಡದ್ದು 35.22 ಲಕ್ಷ ಮಂದಿಯನ್ನು. ಪೂರ್ಣಾವಧಿ ನೇಕಾರ ಯಾರು, ಬಿಡುವಿನಲ್ಲಿ ನೇಯುವವರು ಯಾರು ಎಂಬ ವಿಂಗಡಣೆ ಎಲ್ಲ ಗಣತಿಗಳಲ್ಲೂ ಒಂದೇ ತೆರನಾಗಿಲ್ಲದ ಕಾರಣ ಈ ಅಂಕಿಗಳನ್ನು ಪಕ್ಕಪಕ್ಕ ಇಟ್ಟು ಓದುವಾಗ ಎಚ್ಚರ ಬೇಕು. ಆದರೆ ಇಳಿಜಾರಿನ ದಿಕ್ಕಿನ ಬಗ್ಗೆ ಸಂಶಯವಿಲ್ಲ. ಕರ್ನಾಟಕದಲ್ಲಿ ಇಳಿಕೆ ಇನ್ನೂ ಸ್ಪಷ್ಟ. ನಾಲ್ಕನೇ ಗಣತಿ ಇಲ್ಲಿ ಗುರುತಿಸಿದ ಕೈಮಗ್ಗ ಕೆಲಸಗಾರರು 54 ಸಾವಿರದ ಆಸುಪಾಸು. ಬಾಗಲಕೋಟೆ, ಬೆಳಗಾವಿ, ಗದಗ, ಕೊಪ್ಪಳ, ಚಿತ್ರದುರ್ಗ ಮುಂತಾದ ಜಿಲ್ಲೆಗಳ ನೇಕಾರ ಕೇರಿಗಳನ್ನೆಲ್ಲ ಕೂಡಿಸಿದರೂ ಸಿಗುವುದು ಇಷ್ಟೇ.

ತಲೆಗಳ ಎಣಿಕೆಗಿಂತ ಆದಾಯದ ಎಣಿಕೆ ಹೆಚ್ಚು ಕಳವಳಕಾರಿ. ಅದೇ ಗಣತಿಯ ಪ್ರಕಾರ ದೇಶದ ನೇಕಾರ ಕುಟುಂಬಗಳಲ್ಲಿ ಶೇ 66ರಷ್ಟು ಕುಟುಂಬಗಳ ತಿಂಗಳ ಆದಾಯ 5,000 ರೂಪಾಯಿಗಿಂತ ಕಡಿಮೆ. ಈಶಾನ್ಯ ರಾಜ್ಯಗಳಲ್ಲಿ ಸ್ವಂತ ಬಳಕೆಗಾಗಿ ನೇಯುವ ಅಸಂಖ್ಯ ಮನೆಗಳೂ ಈ ಲೆಕ್ಕದಲ್ಲಿ ಸೇರಿರುವುದರಿಂದ, ಮಾರಾಟಕ್ಕಾಗಿಯೇ ನೇಯುವ ಇಳಕಲ್‌ಗೋ ಮೊಳಕಾಲ್ಮೂರಿಗೋ ಇದನ್ನು ನೇರವಾಗಿ ಅನ್ವಯಿಸಲಾಗದು. ಆದರೂ ಒಂದು ಹೋಲಿಕೆ ಉಪಯುಕ್ತ. 2019–20ರಲ್ಲಿ ಕರ್ನಾಟಕದಲ್ಲಿ ಉದ್ಯೋಗ ಖಾತರಿ ಯೋಜನೆಯ ದಿನಗೂಲಿ 249 ರೂಪಾಯಿ ಇತ್ತು. ಒಬ್ಬ ವ್ಯಕ್ತಿ 20 ದಿನ ಕೆರೆ ಹೂಳೆತ್ತಿದರೆ 4,980 ರೂಪಾಯಿ. ಮಗ್ಗದ ಮನೆಯಲ್ಲಿ ದುಡಿಯುವುದು ಒಬ್ಬರಲ್ಲ, ಕನಿಷ್ಠ ಇಬ್ಬರು. ವರ್ಷಗಟ್ಟಲೆ ಕಲಿತ ಕೌಶಲಕ್ಕಿಂತ ಕೌಶಲವೇ ಬೇಡದ ಕೆಲಸಕ್ಕೆ ಹೆಚ್ಚು ಕೂಲಿ ಸಿಗುವಾಗ, ಮಗ ಅಥವಾ ಮಗಳು ಮಗ್ಗದಿಂದ ಎದ್ದು ಹೋಗುವುದನ್ನು ನಿರಾಸಕ್ತಿ ಎನ್ನುವುದು ಸರಿಯಲ್ಲ. ಅದು ಲೆಕ್ಕ ಬಲ್ಲವರ ತೀರ್ಮಾನ.

ಏಳು ದಶಕಗಳ ನೀತಿಯ ಓಲಾಟ

ಸ್ವಾತಂತ್ರ್ಯಾನಂತರದ ನೀತಿ ಕೈಮಗ್ಗವನ್ನು ಉಳಿಸಬೇಕೋ, ಬದಲಿಸಬೇಕೋ ಎಂಬುದನ್ನು ಎಂದೂ ಖಚಿತವಾಗಿ ನಿರ್ಧರಿಸಲಿಲ್ಲ. 1953ರಲ್ಲಿ ಗಿರಣಿ ಬಟ್ಟೆಯ ಮೇಲೆ ಹೆಚ್ಚುವರಿ ಸುಂಕ ವಿಧಿಸಿ, ಆ ಹಣವನ್ನು ಖಾದಿ ಮತ್ತು ಕೈಮಗ್ಗದ ಅಭಿವೃದ್ಧಿಗೆ ಬಳಸುವ ಕಾನೂನು ಬಂತು. ಅದರ ಮರುವರ್ಷವೇ ವರದಿ ಕೊಟ್ಟ ಜವಳಿ ವಿಚಾರಣಾ ಸಮಿತಿ, ಕೈಮಗ್ಗಗಳನ್ನು ಹಂತಹಂತವಾಗಿ ವಿದ್ಯುತ್ ಮಗ್ಗಗಳಾಗಿ ಪರಿವರ್ತಿಸುವುದೇ ದಾರಿ ಎಂದಿತು. 1955ರಲ್ಲಿ ಗ್ರಾಮೋದ್ಯೋಗಗಳ ಬಗ್ಗೆ ವರದಿ ಕೊಟ್ಟ ಮತ್ತೊಂದು ಸಮಿತಿ, ಉದ್ಯೋಗದ ದೃಷ್ಟಿಯಿಂದ ಕೈಮಗ್ಗಕ್ಕೆ ರಕ್ಷಣೆ ಬೇಕೆಂದು ವಾದಿಸಿತು. ಎರಡೂ ವಾದಗಳಿಗೆ ತಕ್ಕಷ್ಟು ಗೌರವ ದೊರೆಯಿತು, ಯಾವುದೂ ಪೂರ್ತಿಯಾಗಿ ಜಾರಿಯಾಗಲಿಲ್ಲ. ಗಿರಣಿಗಳಿಗೆ ಹಾಕಿದ ನಿರ್ಬಂಧ, ಸುಂಕಗಳ ಫಲ ಕೈಮಗ್ಗಕ್ಕೆ ದಕ್ಕುವ ಬದಲು, ಗಿರಣಿಯೂ ಅಲ್ಲದ ಕೈಮಗ್ಗವೂ ಅಲ್ಲದ ಸಣ್ಣ ವಿದ್ಯುತ್ ಮಗ್ಗದ ಶೆಡ್ಡುಗಳಿಗೆ ದಕ್ಕಿತು. ಮುಂದಿನ ದಶಕಗಳಲ್ಲಿ ದೇಶದ ಬಟ್ಟೆ ಮಾರುಕಟ್ಟೆಯನ್ನು ಆಕ್ರಮಿಸಿಕೊಂಡದ್ದು ಈ ಶೆಡ್ಡುಗಳೇ.

1985ರಲ್ಲಿ ಒಂದೇ ವರ್ಷ ಎರಡು ವಿರುದ್ಧ ಹೆಜ್ಜೆಗಳು ಬಿದ್ದವು. ಆ ವರ್ಷದ ಜವಳಿ ನೀತಿ, ಉದ್ಯೋಗದ ಬದಲು ಅಗ್ಗದ ಬಟ್ಟೆಯ ಉತ್ಪಾದನೆಯನ್ನೇ ಮುಖ್ಯ ಗುರಿಯಾಗಿಸಿತು. ಅದೇ ವರ್ಷ ಸಂಸತ್ತು ಕೈಮಗ್ಗಕ್ಕೆ ಕೆಲವು ಉತ್ಪನ್ನಗಳನ್ನು ಮೀಸಲಿಡುವ ಕಾಯ್ದೆಯನ್ನು ಅಂಗೀಕರಿಸಿತು. ಮೊದಲಿಗೆ ಮೀಸಲಾಗಿದ್ದು 22 ಬಗೆಯ ಉತ್ಪನ್ನಗಳು. ವಿದ್ಯುತ್ ಮಗ್ಗದ ಮಾಲೀಕರು ನ್ಯಾಯಾಲಯಕ್ಕೆ ಹೋದರು. 1993ರಲ್ಲಿ ಸುಪ್ರೀಂ ಕೋರ್ಟ್ ಕಾಯ್ದೆಯನ್ನು ಎತ್ತಿಹಿಡಿಯಿತು. ಮೂರು ವರ್ಷ ಕಳೆಯುವಷ್ಟರಲ್ಲಿ, 1996ರಲ್ಲಿ, ಪಟ್ಟಿಯನ್ನು 11ಕ್ಕೆ ಇಳಿಸಲಾಯಿತು. ಸೀರೆ, ಧೋತಿ, ಲುಂಗಿ, ಜಮಖಾನದಂಥವು ಈಗಲೂ ಪಟ್ಟಿಯಲ್ಲಿವೆ. ಯಾವುದೇ ಊರಿನ ಜವಳಿ ಅಂಗಡಿಗೆ ಹೋದರೂ ಕಾಯ್ದೆ ಎಷ್ಟರಮಟ್ಟಿಗೆ ಜಾರಿಯಲ್ಲಿದೆ ಎಂಬುದು ತಿಳಿಯುತ್ತದೆ.

ಇತ್ತೀಚಿನ ವರ್ಷಗಳಲ್ಲಿ ಸಾಂಕೇತಿಕ ಗೌರವ ಹೆಚ್ಚಿದೆ, ಸಾಂಸ್ಥಿಕ ಆಸರೆ ತೆಳುವಾಗಿದೆ. 1905ರ ಆಗಸ್ಟ್ 7ರಂದು ಕಲ್ಕತ್ತದಲ್ಲಿ ಘೋಷಣೆಯಾದ ಸ್ವದೇಶಿ ಚಳವಳಿಯ ನೆನಪಿಗೆ 2015ರಿಂದ ಅದೇ ದಿನವನ್ನು ರಾಷ್ಟ್ರೀಯ ಕೈಮಗ್ಗ ದಿನವಾಗಿ ಆಚರಿಸಲಾಗುತ್ತಿದೆ. 2020ರ ಆಚರಣೆಗೆ ಎರಡು ವಾರವೂ ಇಲ್ಲದಿರುವಾಗ, ನೇಕಾರರ ಪ್ರತಿನಿಧಿಗಳು ಕೇಂದ್ರದೊಂದಿಗೆ ಮಾತನಾಡಲು ಇದ್ದ ಅಖಿಲ ಭಾರತ ಮಟ್ಟದ ಸಲಹಾ ಮಂಡಳಿಯನ್ನು ರದ್ದುಪಡಿಸಲಾಯಿತು. ಮಂಡಳಿ ನಿಷ್ಕ್ರಿಯವಾಗಿತ್ತು, ಆಡಳಿತವನ್ನು ಹಗುರಗೊಳಿಸುವುದೇ ಉದ್ದೇಶ ಎಂಬ ವಿವರಣೆಯಲ್ಲಿ ಹುರುಳಿರಬಹುದು. ಆದರೆ ನಿಷ್ಕ್ರಿಯ ಮಂಡಳಿಯ ಜಾಗಕ್ಕೆ ಸಕ್ರಿಯವಾದುದೊಂದು ಬರಲಿಲ್ಲ.

ನೂಲು ಕೈಗೆ ಬರುವ ಮುನ್ನ

ಕೈಮಗ್ಗಕ್ಕೆ ನೂಲು ಲಡಿಯ ರೂಪದಲ್ಲಿ ಬೇಕು. ಬಣ್ಣ ಹಾಕಲು, ಗಂಜಿ ಹಚ್ಚಲು ಲಡಿಯೇ ಅನುಕೂಲ. ಗಿರಣಿಗಳಿಗೆ ಮಾತ್ರ ಲಡಿ ಕಟ್ಟುವುದು ಲಾಭದ ಕೆಲಸವಲ್ಲ, ಅವುಗಳ ದೊಡ್ಡ ಗ್ರಾಹಕರಾದ ವಿದ್ಯುತ್ ಮಗ್ಗಗಳಿಗೆ ಬೇಕಿರುವುದು ಕೋನ್ ನೂಲು. ಹಾಗಾಗಿ ದೇಶೀಯ ಮಾರುಕಟ್ಟೆಗೆ ಬಿಡುವ ನೂಲಿನಲ್ಲಿ ಅರ್ಧದಷ್ಟನ್ನು ಲಡಿಯಾಗಿಯೇ ಕೊಡಬೇಕೆಂಬ ನಿಯಮವಿತ್ತು. 2003ರಲ್ಲಿ ಅದು ಶೇ 40ಕ್ಕೆ ಇಳಿಯಿತು, 2019ರಲ್ಲಿ ಶೇ 30ಕ್ಕೆ ಬಂತು. ಬೇಡಿಕೆಯೇ ಕುಗ್ಗಿದೆ ಎಂಬುದು ಗಿರಣಿಗಳ ವಾದ. ಸಕಾಲಕ್ಕೆ, ಸರಿಯಾದ ನಂಬರಿನ ನೂಲು ಸಿಗದಿರುವುದರಿಂದಲೇ ಬೇಡಿಕೆ ಕುಗ್ಗಿದೆ ಎಂಬುದು ನೇಕಾರರ ವಾದ. ಕೈಮಗ್ಗಕ್ಕೆಂದು ಹೊರಟ ಲಡಿ ನೂಲು ದಾರಿಯಲ್ಲಿ ವಿದ್ಯುತ್ ಮಗ್ಗದ ಪಾಲಾಗುತ್ತದೆ ಎಂಬ ದೂರಿಗೂ ದಶಕಗಳ ವಯಸ್ಸಾಗಿದೆ.

1983ರಲ್ಲಿ ಸ್ಥಾಪನೆಯಾದ ಕೇಂದ್ರ ಸಂಸ್ಥೆಯೊಂದು ನೂಲನ್ನು ಗಿರಣಿ ದರದಲ್ಲಿ ಊರುಗಳಿಗೆ ತಲುಪಿಸುತ್ತದೆ. ಹತ್ತಿ ಲಡಿ, ರೇಷ್ಮೆ ಮೊದಲಾದವುಗಳ ಮೇಲೆ ಶೇ 15ರ ಬೆಲೆ ಸಹಾಯಧನವೂ ಇದೆ. ಕಾಗದದ ಮೇಲೆ ಇದು ಒಳ್ಳೆಯ ಯೋಜನೆ. ಆದರೆ ಮುಂಗಡ ಹಣ ಕಟ್ಟಿ ಬೇಡಿಕೆ ಸಲ್ಲಿಸಬಲ್ಲವರು ಸಹಕಾರ ಸಂಘಗಳು ಮತ್ತು ದೊಡ್ಡ ಸಾವಕಾರರೇ ಹೊರತು, ಎರಡು ಸೀರೆಗೆ ಸಾಕಾಗುವಷ್ಟು ನೂಲು ಬೇಕಾದ ಒಂಟಿ ನೇಕಾರನಲ್ಲ. ಅವನು ನೂಲನ್ನು ಸಾವಕಾರನಿಂದಲೇ ಪಡೆಯುತ್ತಾನೆ, ನೇಯ್ದದ್ದನ್ನು ಅವನಿಗೇ ಒಪ್ಪಿಸುತ್ತಾನೆ. ಹಳೆಯ ಸಾಲದ ಕಂತು ಕಳೆದು ಉಳಿದದ್ದು ಕೈಗೆ ಬರುತ್ತದೆ. ಸಾವಕಾರನನ್ನು ಶೋಷಕ ಎಂದಷ್ಟೇ ಬಣ್ಣಿಸುವುದು ಸುಲಭ. ಆದರೆ ಮಾರಾಟವಾಗದ ಸೀರೆಯ ನಷ್ಟ ಹೊರುವವನೂ, ಮಗಳ ಮದುವೆಗೋ ಆಸ್ಪತ್ರೆಗೋ ರಾತ್ರೋರಾತ್ರಿ ಹಣ ಕೊಡುವವನೂ ಅವನೇ. ಬ್ಯಾಂಕು ಮತ್ತು ಸಹಕಾರ ಸಂಘ ಆ ಜಾಗವನ್ನು ತುಂಬದಿರುವತನಕ ಸಾವಕಾರ ಇದ್ದೇ ಇರುತ್ತಾನೆ.

ವಿದ್ಯುತ್ ಮಗ್ಗ ಎಂಬ ಒಳಮನೆಯ ಪ್ರತಿಸ್ಪರ್ಧಿ

ಕೈಮಗ್ಗದ ಪರವಾದ ಬರಹಗಳಲ್ಲಿ ವಿದ್ಯುತ್ ಮಗ್ಗ ಸಾಮಾನ್ಯವಾಗಿ ಖಳನ ಪಾತ್ರದಲ್ಲಿರುತ್ತದೆ. ರಬಕವಿ–ಬನಹಟ್ಟಿ, ತೇರದಾಳ, ಮಹಾಲಿಂಗಪುರಗಳ ವಾಸ್ತವ ಹಾಗಿಲ್ಲ. ಅಲ್ಲಿ ವಿದ್ಯುತ್ ಮಗ್ಗ ನಡೆಸುತ್ತಿರುವ ಬಹಳಷ್ಟು ಮನೆಗಳು ಒಂದು ತಲೆಮಾರಿನ ಹಿಂದೆ ಕುಣಿ ಮಗ್ಗದಲ್ಲಿ ಕಾಲಿಳಿಬಿಟ್ಟು ಕೂತವೇ. ದೇವಾಂಗ, ಪದ್ಮಸಾಲಿ, ಪಟ್ಟಸಾಲಿ, ಕುರುಹಿನಶೆಟ್ಟಿ, ಹಟಗಾರ ಮುಂತಾದ ಸಮುದಾಯಗಳ ಒಂದೇ ಬಳಗದಲ್ಲಿ ಅಣ್ಣನದು ಕೈಮಗ್ಗ, ತಮ್ಮನದು ವಿದ್ಯುತ್ ಮಗ್ಗ ಎಂಬ ಸ್ಥಿತಿ ಇದೆ. ಎರಡೋ ನಾಲ್ಕೋ ಮಗ್ಗಗಳ ಆ ಶೆಡ್ಡಿನವರೂ ನೂಲಿನ ಬೆಲೆ, ಗುಜರಾತ್ ಮತ್ತು ಮಹಾರಾಷ್ಟ್ರದ ದೊಡ್ಡ ಉತ್ಪಾದಕರ ಪೈಪೋಟಿ, ಸಾಲದ ಬಡ್ಡಿ ಇವುಗಳ ನಡುವೆ ಸಿಲುಕಿದ್ದಾರೆ. ಕೋವಿಡ್ ವರ್ಷಗಳಲ್ಲಿ ಸಾಲದ ಒತ್ತಡಕ್ಕೆ ಜೀವ ಕಳೆದುಕೊಂಡ ನೇಕಾರರ ಸುದ್ದಿಗಳು ಎರಡೂ ಬಗೆಯ ಮನೆಗಳಿಂದ ಬಂದವು.

ಸಾರ್ವಜನಿಕ ಹಣದ ಹರಿವು ಈ ಇಕ್ಕಟ್ಟನ್ನು ಇನ್ನಷ್ಟು ಜಟಿಲಗೊಳಿಸುತ್ತದೆ. ರಾಜ್ಯ ಸರ್ಕಾರ 2023ರಲ್ಲಿ 10 ಅಶ್ವಶಕ್ತಿವರೆಗಿನ ವಿದ್ಯುತ್ ಮಗ್ಗ ಘಟಕಗಳಿಗೆ ತಿಂಗಳಿಗೆ 250 ಯೂನಿಟ್‌ವರೆಗೆ ಉಚಿತ ವಿದ್ಯುತ್ ಘೋಷಿಸಿತು. ಸಣ್ಣ ನೇಕಾರನ ಬದುಕಿನ ದೃಷ್ಟಿಯಿಂದ ಈ ನೆರವಿಗೆ ಸಮರ್ಥನೆಯಿದೆ. ಆದರೆ ಅದೇ ನೆರವು ಕೈಮಗ್ಗದ ನಕಲನ್ನು ಇನ್ನಷ್ಟು ಅಗ್ಗವಾಗಿಸುತ್ತದೆ. ವಿದ್ಯುತ್ತನ್ನೇ ಬಳಸದ ಕುಣಿ ಮಗ್ಗಕ್ಕೆ ಅದಕ್ಕೆ ಸಮನಾದ ಸಹಾಯ ಏನು ಎಂಬ ಪ್ರಶ್ನೆಗೆ ಬಜೆಟ್ಟಿನಲ್ಲಿ ಉತ್ತರ ಹುಡುಕುವುದು ಕಷ್ಟ. ಮೀಸಲಾತಿ ಕಾಯ್ದೆಯನ್ನು ನಾಳೆಯಿಂದ ಕಟ್ಟುನಿಟ್ಟಾಗಿ ಜಾರಿಗೊಳಿಸಿದರೆ ಮೊದಲು ಬೀಗ ಬೀಳುವುದು ಇಂಥ ಸಣ್ಣ ಶೆಡ್ಡುಗಳಿಗೆ. ಅದು ಬಡವನಿಂದ ಕಿತ್ತು ಬಡವನಿಗೆ ಕೊಟ್ಟಂತೆ ಆದೀತು.

ನೆರವಿನ ಸ್ವರೂಪ

ರಾಜ್ಯದಲ್ಲಿ ನೇಕಾರರಿಗೆ ನೆರವೇ ಇಲ್ಲ ಎನ್ನಲಾಗದು. 2019ರಲ್ಲಿ ಸುಮಾರು 100 ಕೋಟಿ ರೂಪಾಯಿಯ ನೇಕಾರರ ಸಾಲ ಮನ್ನಾ ಘೋಷಣೆಯಾಯಿತು. 2020ರಲ್ಲಿ ಕೈಮಗ್ಗ ನೇಕಾರರಿಗೆ ವರ್ಷಕ್ಕೆ 2,000 ರೂಪಾಯಿ ನೇರವಾಗಿ ಖಾತೆಗೆ ಹಾಕುವ ನೇಕಾರ ಸಮ್ಮಾನ್ ಯೋಜನೆ ಬಂತು. ಬಳಿಕ ಮೊತ್ತವನ್ನು 5,000ಕ್ಕೆ ಏರಿಸಲಾಯಿತು. ರಿಯಾಯಿತಿ ಬಡ್ಡಿಯ ಸಾಲವಿದೆ, ತರಬೇತಿ ಯೋಜನೆಗಳಿವೆ. 2019ರ ಪ್ರವಾಹದಲ್ಲಿ ಉತ್ತರ ಕರ್ನಾಟಕದ ಮನೆಗಳಿಗೆ ನೀರು ನುಗ್ಗಿ ಮಗ್ಗದ ಕುಣಿಗಳು ತುಂಬಿ, ಹಾಸು, ನೂಲು, ಅಚ್ಚುಗಳು ಹಾಳಾದಾಗ ಪರಿಹಾರದ ಕೂಗಿಗೂ ಸ್ವಲ್ಪಮಟ್ಟಿನ ಸ್ಪಂದನೆ ಸಿಕ್ಕಿತು. ಈ ನೆರವುಗಳಿಂದ ಕಷ್ಟದ ತಿಂಗಳುಗಳನ್ನು ದಾಟಲು ಸಾಧ್ಯವಾಗುತ್ತದೆ. ಆದರೆ ವರ್ಷಕ್ಕೆ 5,000 ಎಂದರೆ ತಿಂಗಳಿಗೆ 417 ರೂಪಾಯಿಗೂ ಕಡಿಮೆ. ಅದರಿಂದ ಮಗ್ಗ ಬಿಟ್ಟು ಹೋಗಬೇಕೆಂದಿರುವವರ ಮನಸ್ಸು ಬದಲಾಗುವುದಿಲ್ಲ.

ಭೌಗೋಳಿಕ ಸೂಚಕದ ಮಾನ್ಯತೆಯದ್ದೂ ಇಂಥದೇ ಕಥೆ. ಇಳಕಲ್ ಮತ್ತು ಮೊಳಕಾಲ್ಮೂರಿನ ಸೀರೆ, ಉಡುಪಿ ಸೀರೆ, ಗುಳೇದಗುಡ್ಡದ ಖಣ, ನವಲಗುಂದದ ಜಮಖಾನ ಎಲ್ಲವಕ್ಕೂ ಈ ಮಾನ್ಯತೆ ಇದೆ. 1999ರ ಕಾಯ್ದೆಯ ಪ್ರಕಾರ ಹೆಸರು ನೋಂದಣಿಯಾದರಷ್ಟೇ ಸಾಲದು. ನೇಯುವವರು ಒಬ್ಬೊಬ್ಬರಾಗಿ ಅಧಿಕೃತ ಬಳಕೆದಾರರೆಂದು ದಾಖಲಾಗಬೇಕು. ಹೆಸರಿನ ದುರ್ಬಳಕೆ ಕಂಡರೆ ಕಾನೂನಿನ ಮೊರೆ ಹೋಗಬೇಕಾದವರೂ ನೋಂದಣಿ ಮಾಡಿಸಿದವರು ಮತ್ತು ಈ ಬಳಕೆದಾರರೇ. ದಿನದ ಕೂಲಿಯನ್ನು ನಂಬಿದ ನೇಕಾರ ಊರೂರಿನ ವ್ಯಾಪಾರಿಯ ಮೇಲೆ ದಾವೆ ಹೂಡುತ್ತಾನೆಂದು ನಿರೀಕ್ಷಿಸುವುದು ವಾಸ್ತವವಲ್ಲ. ಹಾಗಾಗಿ ಮಾನ್ಯತೆಯಿಂದ ಹೆಸರಿಗೆ ಮಾರುಕಟ್ಟೆ ಮೌಲ್ಯ ಬಂತು, ಆ ಮೌಲ್ಯದ ಲಾಭವನ್ನು ನಕಲೂ ಹಂಚಿಕೊಂಡಿತು.

ತೆರಿಗೆಯ ವಿಷಯವೂ ಗಮನಾರ್ಹ. 2017ರಲ್ಲಿ ಜಿಎಸ್‌ಟಿ ಬಂದಾಗ ಕೈಮಗ್ಗದ ಬಟ್ಟೆಗೂ ಶೇ 5ರ ತೆರಿಗೆ ಬಿತ್ತು. ಕೈ ಉತ್ಪನ್ನಗಳಿಗೆ ಶೂನ್ಯ ತೆರಿಗೆ ಬೇಕೆಂದು ಕರ್ನಾಟಕದಲ್ಲಿಯೇ ಸತ್ಯಾಗ್ರಹ ನಡೆಯಿತು. 2022ರ ಜನವರಿಯಿಂದ ಜವಳಿಯ ಮೇಲಿನ ದರವನ್ನು ಶೇ 12ಕ್ಕೆ ಏರಿಸುವ ಪ್ರಸ್ತಾವ ಕೊನೆಯ ದಿನದಲ್ಲಿ ತಡೆಹಿಡಿಯಲ್ಪಟ್ಟಿತು. ಕೈಯಿಂದ ಮಾಡಿದ್ದಕ್ಕೂ ಯಂತ್ರದಿಂದ ಮಾಡಿದ್ದಕ್ಕೂ ಒಂದೇ ದರ ಎಂಬ ತತ್ವ ಮಾತ್ರ ಹಾಗೇ ಉಳಿಯಿತು.

ಲೆಕ್ಕಕ್ಕೆ ಸಿಗದ ಕೈಗಳು

ಮಗ್ಗದಲ್ಲಿ ಲಾಳಿ ಓಡುವುದಕ್ಕೆ ಮೊದಲು ಆಗಬೇಕಾದ ಕೆಲಸಗಳ ಪಟ್ಟಿ ಉದ್ದವಾಗಿದೆ. ಲಡಿ ಬಿಡಿಸಬೇಕು, ರಾಟೆಯಲ್ಲಿ ಕಂಡಿಕೆ ಸುತ್ತಬೇಕು, ಹಾಸು ಹೂಡಬೇಕು, ಗಂಜಿ ಹಚ್ಚಿ ಬೀದಿಯುದ್ದಕ್ಕೂ ಎಳೆದು ಒಣಗಿಸಬೇಕು, ಹರಿದ ಎಳೆಗಳನ್ನು ಹೊಸೆಯಬೇಕು. ಇವುಗಳಲ್ಲಿ ಹೆಚ್ಚಿನವನ್ನು ಮನೆಯ ಹೆಂಗಸರು, ಮುದುಕರು ಅಡುಗೆ, ಮಕ್ಕಳ ಆರೈಕೆಯ ನಡುವೆ ಮಾಡುತ್ತಾರೆ. ಮಜೂರಿ ಮಾತ್ರ ಸೀರೆಗೆ ಇಷ್ಟು ಎಂದು ಒಂದೇ ಕೈಗೆ ಸಂದಾಯವಾಗುತ್ತದೆ. ನಾಲ್ಕನೇ ಗಣತಿಯ ಪ್ರಕಾರ ದೇಶದ ನೇಕಾರರಲ್ಲಿ ಶೇ 70ಕ್ಕೂ ಹೆಚ್ಚು ಮಂದಿ ಮಹಿಳೆಯರು. ಆದರೂ ನೇಕಾರ ಎಂದಾಕ್ಷಣ ಕಚೇರಿಯ ಅರ್ಜಿ ನಮೂನೆಯ ಕಣ್ಣಿಗೆ ಬೀಳುವುದು ಗಂಡಸು. ಕೈಮಗ್ಗದ ಬಟ್ಟೆ ದುಬಾರಿ ಎಂದು ನಾವು ದೂರುವಾಗ, ಆ ಬೆಲೆಯಲ್ಲಿ ಇಡೀ ಮನೆಯ ದುಡಿಮೆ ಅಡಗಿದೆಯೆಂಬುದನ್ನೂ, ಅದರಲ್ಲಿ ಅರ್ಧಕ್ಕೆ ಬೆಲೆಯನ್ನೇ ಕಟ್ಟಿಲ್ಲವೆಂಬುದನ್ನೂ ಗಮನಿಸುವುದಿಲ್ಲ. ಕೂಲಿಯನ್ನು ನ್ಯಾಯವಾಗಿ ನಿಗದಿಪಡಿಸಬೇಕಾದರೆ ಮೊದಲು ಎಣಿಸಬೇಕಾದದ್ದು ಈ ಗಂಟೆಗಳನ್ನು.

ಚೇತರಿಕೆಯ ಪಾಠಗಳು

ಕರಾವಳಿಯ ಉಡುಪಿ ಸೀರೆಯ ಅನುಭವ ಗಮನಿಸತಕ್ಕದ್ದು. 19ನೇ ಶತಮಾನದಲ್ಲಿ ಮಿಷನರಿಗಳು ಮಂಗಳೂರಿನಲ್ಲಿ ತೆರೆದ ನೇಯ್ಗೆ ಕಾರ್ಖಾನೆಗಳ ಪ್ರಭಾವದಲ್ಲಿ ಬೆಳೆದ ಈ ತೆಳು ಹತ್ತಿ ಸೀರೆ, 2016ರಲ್ಲಿ ಭೌಗೋಳಿಕ ಸೂಚಕ ಪಡೆಯುವ ಹೊತ್ತಿಗೆ ಬೆರಳೆಣಿಕೆಯ ವೃದ್ಧ ನೇಕಾರರ ಕೈಯಲ್ಲಿತ್ತು. 2018ರಿಂದ ಕಿನ್ನಿಗೋಳಿ ಸಮೀಪದ ತಾಳಿಪಾಡಿಯ ಸಹಕಾರ ಸಂಘದೊಂದಿಗೆ ಸ್ವಯಂಸೇವಾ ಗುಂಪೊಂದು ಕೈಜೋಡಿಸಿತು. ಮಜೂರಿ ಏರಿತು, ನೈಸರ್ಗಿಕ ಬಣ್ಣ ಬಂತು, ನೇಯ್ದವರ ವಿವರ ಸೀರೆಯ ಜತೆಗೇ ಕೊಳ್ಳುವವರ ಕೈ ಸೇರಿತು. ಮಗ್ಗ ಬಿಟ್ಟಿದ್ದ ಕೆಲವರು ಮರಳಿದರು, ಹೊಸದಾಗಿ ಯುವತಿಯರು ಕಲಿತರು. ಪ್ರಮಾಣ ಚಿಕ್ಕದು, ಇದನ್ನು ಹತ್ತಾರು ಸಾವಿರ ಕುಟುಂಬಗಳಿಗೆ ಹಿಗ್ಗಿಸಬಹುದೆಂದು ಹೇಳುವುದು ಆತುರವಾದೀತು. ಆದರೆ ಕ್ರಮ ಸ್ಪಷ್ಟವಾಗಿದೆ: ಮೊದಲು ಕೂಲಿ ಸರಿಹೋಯಿತು, ಕೈಗಳು ಆಮೇಲೆ ಬಂದವು.

ಸಾಗರ ತಾಲ್ಲೂಕಿನ ಭೀಮನಕೋಣೆಯಲ್ಲಿ 1990ರ ದಶಕದಲ್ಲಿ ಹುಟ್ಟಿದ ಮಹಿಳಾ ಸಹಕಾರ ಸಂಘದ ಅನುಭವ ಇದಕ್ಕೊಂದು ಎಚ್ಚರಿಕೆಯನ್ನು ಸೇರಿಸುತ್ತದೆ. ನೇಕಾರ ಹಿನ್ನೆಲೆಯೇ ಇಲ್ಲದ ಮಲೆನಾಡಿನ ಹೆಣ್ಣುಮಕ್ಕಳು ನೇಯ್ಗೆ ಕಲಿತರು. ಅಡಿಕೆ ಚೊಗರಿನಂಥ ಸ್ಥಳೀಯ ವಸ್ತುಗಳಿಂದ ಬಣ್ಣ ತೆಗೆದರು. ನಗರಗಳಲ್ಲಿ ನಿಷ್ಠಾವಂತ ಗ್ರಾಹಕರನ್ನು ಸಂಪಾದಿಸಿದರು. ಮಗ್ಗ ಜಾತಿಯ ಸ್ವತ್ತಲ್ಲ ಎಂಬುದನ್ನು ಆ ಸಂಘ ಕಾರ್ಯದಲ್ಲೇ ತೋರಿಸಿತು. ಆದರೆ 2020ರಲ್ಲಿ ಮಳಿಗೆಗಳು ಮುಚ್ಚಿ ದಾಸ್ತಾನು ಮಾರಾಟವಾಗದೆ ಉಳಿದಾಗ ಅಂಥ ಸಂಘವೂ ತೀವ್ರ ಬಿಕ್ಕಟ್ಟಿಗೆ ಸಿಲುಕಿತು. ಒಲವುಳ್ಳ ಗ್ರಾಹಕರು ಎಷ್ಟೇ ಇರಲಿ, ಕೆಟ್ಟ ವರ್ಷವೊಂದನ್ನು ದಾಟಲು ದುಡಿಯುವ ಬಂಡವಾಳವೂ ಖಚಿತ ಬೇಡಿಕೆಯೂ ಬೇಕು.

ಖಚಿತ ಬೇಡಿಕೆಯನ್ನು ಸರ್ಕಾರದ ಒಂದು ನಿಯಮ ಕಟ್ಟಬಲ್ಲದು, ಕೆಡವಲೂ ಬಲ್ಲದು. ಬಾಗಲಕೋಟೆಯ ತುಳಸಿಗೇರಿಯಲ್ಲಿ ನೇಯ್ದ ಖಾದಿ ಹುಬ್ಬಳ್ಳಿಯ ಬೆಂಗೇರಿಯಲ್ಲಿ ರಾಷ್ಟ್ರಧ್ವಜವಾಗುತ್ತದೆ. ಧ್ವಜ ಕೈನೂಲಿನ, ಕೈನೇಯ್ಗೆಯ ಬಟ್ಟೆಯದ್ದೇ ಆಗಿರಬೇಕೆಂಬ ಸಂಹಿತೆಯಿಂದ ಆ ಕೆಲಸಕ್ಕೆ ನೆಲೆ ಸಿಕ್ಕಿತ್ತು. 2021ರ ಡಿಸೆಂಬರ್‌ನಲ್ಲಿ ಸಂಹಿತೆ ತಿದ್ದುಪಡಿಯಾಗಿ ಯಂತ್ರದ ಬಟ್ಟೆಗೂ ಪಾಲಿಸ್ಟರ್‌ಗೂ ಅವಕಾಶವಾಯಿತು. ಮರುವರ್ಷ ಮನೆಮನೆಯಲ್ಲೂ ಧ್ವಜ ಹಾರಿದಾಗ, ಆ ದೊಡ್ಡ ಬೇಡಿಕೆಯ ಬಹುಪಾಲು ಪಾಲಿಸ್ಟರ್ ಧ್ವಜಗಳಿಗೆ ಹೋಯಿತು. ಕೋಟ್ಯಂತರ ಧ್ವಜಗಳನ್ನು ಕೆಲವೇ ವಾರಗಳಲ್ಲಿ ಖಾದಿಯಲ್ಲಿ ಪೂರೈಸುವುದು ಅಸಾಧ್ಯ ಎಂಬ ಸಮಜಾಯಿಷಿಯನ್ನು ತಳ್ಳಿಹಾಕಲಾಗದು. ಸರ್ಕಾರಿ ಕಟ್ಟಡಗಳ ಮಟ್ಟಿಗಾದರೂ ಹಳೆಯ ನಿಯಮವನ್ನು ಉಳಿಸಿಕೊಳ್ಳುವ ನಡುದಾರಿ ಇತ್ತು ಎಂಬುದೂ ಅಷ್ಟೇ ನಿಜ.

ಬಿಟ್ಟುಬಿಡಿ ಎನ್ನುವವರ ವಾದ

ಕೈಮಗ್ಗವನ್ನು ಕೃತಕವಾಗಿ ಬದುಕಿಸಬಾರದು ಎಂಬ ವಾದವನ್ನು ಹಗುರವಾಗಿ ಕಾಣುವಂತಿಲ್ಲ. ಅದರಲ್ಲಿ ಎರಡು ಎಳೆಗಳಿವೆ. ಮೊದಲನೆಯದು ಆರ್ಥಿಕವಾದದ್ದು: ಉತ್ಪಾದಕತೆ ಕಡಿಮೆಯಿರುವ ಕೆಲಸದಲ್ಲಿ ಜನರನ್ನು ಸಹಾಯಧನದ ಬಲದಿಂದ ಹಿಡಿದಿಟ್ಟರೆ ಬಡತನವನ್ನೇ ಮುಂದುವರಿಸಿದಂತೆ. ಎರಡನೆಯದು ಸಾಮಾಜಿಕವಾದದ್ದು, ಹೆಚ್ಚು ತೂಕದ್ದು: ಪರಂಪರೆಯ ಹೆಸರಿನಲ್ಲಿ ಮಗನನ್ನು ತಂದೆಯ ಕಸುಬಿಗೆ ಕಟ್ಟಿಹಾಕುವುದು ಜಾತಿ ವ್ಯವಸ್ಥೆಯ ಹಳೆಯ ರೀತಿ, ನೇಕಾರರ ಮಕ್ಕಳು ಶಿಕ್ಷಕರಾಗುವುದು, ಎಂಜಿನಿಯರ್ ಆಗುವುದು ಸೋಲಲ್ಲ. ಬೆಳಗಿನಿಂದ ಸಂಜೆಯವರೆಗೆ ಕುಣಿಯಲ್ಲಿ ಕೂತು ಸೊಂಟ, ಮಂಡಿ, ಕಣ್ಣು ಕಳೆದುಕೊಂಡವರ ನೋವು ಗೊತ್ತಿಲ್ಲದವರು ಮಾತ್ರ ಆ ಮಗ್ಗವನ್ನು ಕಾವ್ಯಮಯವಾಗಿ ಕಾಣಬಲ್ಲರು.

ಈ ವಾದವನ್ನು ಒಪ್ಪಿಕೊಂಡ ಮೇಲೂ ಪ್ರಶ್ನೆ ಉಳಿಯುತ್ತದೆ. ಉತ್ಪಾದಕತೆ ಕಡಿಮೆ ಎಂಬ ತೀರ್ಪು ಎರಡು ಬಟ್ಟೆಗಳೂ ಒಂದೇ ಎಂಬ ಊಹೆಯ ಮೇಲೆ ನಿಂತಿದೆ. ಸಾದಾ ಟವೆಲ್ಲಿನ ಮಟ್ಟಿಗೆ ಆ ಊಹೆ ಬಹುಪಾಲು ಸರಿ. ಕೊಂಡಿ ಹಾಕಿದ ಇಳಕಲ್ ಸೀರೆಯ ಮಟ್ಟಿಗೆ ಸರಿಯಲ್ಲ. ಅಲ್ಲಿ ಹೆಸರೊಂದೇ, ವಸ್ತುಗಳು ಎರಡು. ಇನ್ನು ಕಸುಬು ಬಿಡುವ ಸ್ವಾತಂತ್ರ್ಯಕ್ಕೆ ಅರ್ಥ ಬರಬೇಕಾದರೆ ಅದರಲ್ಲಿ ಮುಂದುವರಿಯುವುದೂ ಸಾಧ್ಯವಾಗಬೇಕು. ಮಗ್ಗ ಬಿಟ್ಟು ಬೆಂಗಳೂರಿನಲ್ಲಿ ಕಾವಲುಗಾರನಾದವನೂ, ಕಟ್ಟಡ ಕೆಲಸಕ್ಕೆ ಹೋದವನೂ ಆಯ್ಕೆಯಿಂದ ಹೋದರೆಂದು ಹೇಳಲಾಗದು. ಬಂಡವಾಳ ಕಡಿಮೆ, ವಿದ್ಯುತ್ ಬೇಡ, ಊರು ಬಿಡಬೇಕಿಲ್ಲ, ಹೆಂಗಸರು ಮನೆಯಲ್ಲೇ ದುಡಿಯಬಹುದು ಎಂಬ ಗುಣಗಳುಳ್ಳ ಇನ್ನೊಂದು ಉದ್ಯೋಗವನ್ನು ಉತ್ತರ ಕರ್ನಾಟಕದ ಒಣ ಊರುಗಳಲ್ಲಿ ಸೃಷ್ಟಿಸಲು ಎಷ್ಟು ಖರ್ಚಾದೀತು ಎಂಬುದನ್ನೂ ಲೆಕ್ಕ ಹಾಕಬೇಕು.

ಆಯ್ಕೆ ಮತ್ತು ಆದ್ಯತೆ

ಎಲ್ಲ ಮಗ್ಗಗಳನ್ನೂ ಎಲ್ಲ ಕಾಲಕ್ಕೂ ಉಳಿಸುತ್ತೇವೆಂಬ ಭರವಸೆ ಪ್ರಾಮಾಣಿಕವಾದುದಲ್ಲ. ಕೈ ಮಾತ್ರ ಮಾಡಬಲ್ಲ ನೇಯ್ಗೆ ಯಾವುದು, ಯಂತ್ರವೂ ಅಷ್ಟೇ ಚೆನ್ನಾಗಿ ಮಾಡುವ ನೇಯ್ಗೆ ಯಾವುದು ಎಂಬುದನ್ನು ನೇಕಾರರನ್ನೇ ಕೂರಿಸಿಕೊಂಡು ಗುರುತಿಸಿ, ಮೊದಲನೆಯದಕ್ಕೆ ದೀರ್ಘಕಾಲದ ರಕ್ಷಣೆ ಕೊಡುವುದು ಹೆಚ್ಚು ಫಲಕಾರಿ. ಎರಡನೆಯದನ್ನು ನೇಯುತ್ತಿರುವವರೇ ಹೆಚ್ಚು ಬಡವರು. ಅವರನ್ನು ನಡುನೀರಿನಲ್ಲಿ ಕೈಬಿಡುವಂತಿಲ್ಲ. ಈ ತಲೆಮಾರಿನ ಮಟ್ಟಿಗೆ ಅವರಿಗೆ ಸಾರ್ವಜನಿಕ ಖರೀದಿಯ ಆಸರೆ ಬೇಕು. ಸರ್ಕಾರಿ ಶಾಲೆಗಳ ಸಮವಸ್ತ್ರದ ಒಂದು ಪಾಲನ್ನು ರಾಜ್ಯದ ಕೈಮಗ್ಗ ನಿಗಮದ ಮೂಲಕ ನೇಯಿಸುವ ಪದ್ಧತಿ ಈಗಾಗಲೇ ಇದೆ. ತಮಿಳುನಾಡಿನ ಉಚಿತ ಧೋತಿ–ಸೀರೆ ಯೋಜನೆ 1983ರಿಂದ ಅಲ್ಲಿನ ಮಗ್ಗಗಳಿಗೆ ವರ್ಷದ ಕೆಲವು ತಿಂಗಳ ಕೆಲಸವನ್ನು ಖಚಿತಪಡಿಸುತ್ತ ಬಂದಿದೆ; ಕಾಲಕ್ರಮೇಣ ಅದರ ದೊಡ್ಡ ಪಾಲು ವಿದ್ಯುತ್ ಮಗ್ಗಕ್ಕೆ ಸರಿದದ್ದು ಅದರ ಮಿತಿ. ಖರೀದಿ ಆದೇಶ, ನೂಲು ಪೂರೈಕೆ, ಮಜೂರಿ ಪಾವತಿ ಮೂರಕ್ಕೂ ದಿನಾಂಕ ಗೊತ್ತುಮಾಡಿ, ತಡವಾದರೆ ಬಡ್ಡಿ ತೆರುವ ನಿಯಮ ಇರದಿದ್ದರೆ ಯಾವ ಖರೀದಿ ಯೋಜನೆಯೂ ನೇಕಾರನ ಸಾಲವನ್ನೇ ಹೆಚ್ಚಿಸುತ್ತದೆ.

ಅದಕ್ಕೂ ಮೊದಲು ಆಗಬೇಕಾದದ್ದು ಅಂಗಡಿಯ ಮುಂಗಟ್ಟಿನಲ್ಲಿ ಸತ್ಯ. ವಿದ್ಯುತ್ ಮಗ್ಗದ ಸೀರೆಯನ್ನು ವಿದ್ಯುತ್ ಮಗ್ಗದ ಸೀರೆಯೆಂದೇ ಮಾರಿದರೆ ಯಾರ ತಕರಾರೂ ಇಲ್ಲ. ಅದನ್ನು ಕೊಳ್ಳಬೇಕಾದವರು ಕೊಳ್ಳುತ್ತಾರೆ, ಸಣ್ಣ ಶೆಡ್ಡಿನ ಬದುಕೂ ನಡೆಯುತ್ತದೆ. ಕೈನೇಯ್ಗೆಯ ಹೆಸರಿನಲ್ಲಿ ಮಾರುವುದನ್ನು ಗ್ರಾಹಕ ವಂಚನೆಯೆಂದು ಪರಿಗಣಿಸಿ, ಪರೀಕ್ಷೆ ಮತ್ತು ದಂಡದ ಹೊಣೆಯನ್ನು ಸರ್ಕಾರವೇ ಹೊರಬೇಕು. 2006ರಿಂದಲೂ ಇರುವ ಕೈಮಗ್ಗ ಮುದ್ರೆಯೂ, ಭೌಗೋಳಿಕ ಸೂಚಕವೂ ಈಗ ನೇಕಾರನ ಅರ್ಜಿಯನ್ನೂ ದೂರನ್ನೂ ಅವಲಂಬಿಸಿವೆ. ಆ ಹೊಣೆಯನ್ನು ಮಾರುವವನ ಮೇಲೆ ವರ್ಗಾಯಿಸಿದರೆ, ಮೀಸಲಾತಿ ಕಾಯ್ದೆಯಿಂದ ಆಗದಿದ್ದ ಕೆಲಸ ಯಾರ ಮಗ್ಗಕ್ಕೂ ಬೀಗ ಹಾಕದೆ ಆಗಬಹುದು. ಜತೆಗೆ ನೇಕಾರ ಊರುಗಳಲ್ಲಿ ಲಡಿಗಳ ಲೆಕ್ಕದಲ್ಲಿ ನೂಲು ಕೊಡುವ ಸಣ್ಣ ಭಂಡಾರಗಳು ಬರಬೇಕು. ಕಂಡಿಕೆಯಿಂದ ಕೊಂಡಿಯವರೆಗಿನ ಪ್ರತಿ ಕೆಲಸದ ಗಂಟೆಗಳನ್ನೂ ಎಣಿಸಿದ ಕನಿಷ್ಠ ಮಜೂರಿ ಪಟ್ಟಿಯೂ ಸಿದ್ಧವಾಗಬೇಕು. ಹಾಗೆ ಮಾಡಿದರೆ ನೈಜ ಕೈನೇಯ್ಗೆಯ ಸೀರೆಯ ಬೆಲೆ ಏರುವುದು ಖಂಡಿತ, ಕೊಳ್ಳುವವರು ಸ್ವಲ್ಪ ಕಡಿಮೆಯಾಗಬಹುದು. ಕಡಿಮೆ ಸೀರೆಗಳನ್ನು ನೇಯ್ದು ಹೆಚ್ಚು ಕೂಲಿ ಪಡೆಯುವ ನೇಕಾರ, ಹೆಚ್ಚು ಸೀರೆಗಳನ್ನು ನೇಯ್ದು ಸಾಲದಲ್ಲೇ ಉಳಿಯುವ ನೇಕಾರನಿಗಿಂತ ಉತ್ತಮ ಸ್ಥಿತಿಯಲ್ಲಿರುತ್ತಾನೆ ಎಂಬುದನ್ನು ನಾವು ಒಪ್ಪಿಕೊಳ್ಳಬೇಕಾಗುತ್ತದೆ.

ಮುಂದಿನ ಕೈಮಗ್ಗ ಗಣತಿ ಬಂದಾಗ ಚರ್ಚೆ ಮತ್ತೆ ಮಗ್ಗಗಳ ಸಂಖ್ಯೆಯ ಸುತ್ತಲೇ ನಡೆಯುವ ಸಂಭವವಿದೆ. ಸಂಖ್ಯೆ ಇನ್ನಷ್ಟು ಇಳಿದಿರಲೂಬಹುದು. ನೀತಿ ಗೆದ್ದಿತೋ ಸೋತಿತೋ ಎಂಬುದನ್ನು ಅಳೆಯಲು ಅದಕ್ಕಿಂತ ಒಳ್ಳೆಯ ಪ್ರಶ್ನೆ ಇದು: ಮಗ್ಗದಲ್ಲಿ ಉಳಿದವರ ದಿನದ ಗಳಿಕೆ ಅದೇ ಊರಿನ ಕೂಲಿ ಕೆಲಸದ ಗಳಿಕೆಯನ್ನು ದಾಟಿದೆಯೇ? ಉತ್ತರ ಹೌದಾಗುವ ದಿನ ಕಸುಬನ್ನು ಉಳಿಸಿ ಎಂಬ ಕರೆ ಅನಗತ್ಯವಾಗುತ್ತದೆ, ಏಕೆಂದರೆ ಆಗ ಅದನ್ನು ಕಲಿಯಲು ಜನರೇ ಮುಂದೆ ಬರುತ್ತಾರೆ. ಉತ್ತರ ಇಲ್ಲವೆಂದಾದರೆ ಇನ್ನೆಷ್ಟು ಮಾನ್ಯತೆಗಳು ಸೇರಿದರೂ ಅವು ಸೀರೆಯ ಹೆಸರನ್ನು ಉಳಿಸಬಲ್ಲವೇ ಹೊರತು ನೇಯ್ಗೆಯನ್ನಲ್ಲ.